ಕುರ್ಲಾದ ಅಂಗಡಿಗೆ ಡೆಬಿಯನ್ ಬಂದ ಕಾಲ

ತೊಂಬತ್ತರ ದಶಕದ ಕೊನೆಯಲ್ಲಿ ಮುಂಬಯಿಯ ಎಷ್ಟೋ ಹುಡುಗರ ಕೈಗೆ ಲಿನಕ್ಸ್ ಬಂದದ್ದು ಇಂಟರ್‌ನೆಟ್ಟಿನಿಂದಲ್ಲ, ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯಿಂದ. ‘ಪಿಸಿ ಕ್ವೆಸ್ಟ್’ ಪತ್ರಿಕೆಯ ಕೆಲವು ಸಂಚಿಕೆಗಳ ಜೊತೆ ಲಿನಕ್ಸ್ ಸಿಡಿ ಬರುತ್ತಿತ್ತು. ಅದರ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ ಅವರ ದುಡಿಮೆ ದೊಡ್ಡದು. ದೇಶದ ಸಾರ್ವಜನಿಕರಿಗೆ ವಿಎಸ್‌ಎನ್‌ಎಲ್ ಮೂಲಕ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಮುಂಬಯಿಯೂ ಆ ಮೊದಲ ಊರುಗಳಲ್ಲಿ ಒಂದು. ಆದರೆ ಎಂಟಿಎನ್‌ಎಲ್ ಫೋನಿನ ತಂತಿಗೆ 56 ಕೆಬಿಪಿಎಸ್ ಮೋಡೆಮ್ ಜೋಡಿಸಿದರೆ ಸೆಕೆಂಡಿಗೆ ಐದು ಕಿಲೋಬೈಟ್ ಇಳಿದರೆ ಪುಣ್ಯ. 650 ಎಂಬಿಯ ಒಂದು ಸಿಡಿ ಆ ದಾರಿಯಲ್ಲಿ ಬರಬೇಕಾದರೆ ಲೈನು ಒಮ್ಮೆಯೂ ಕಡಿಯದೆ ಒಂದೂವರೆ ದಿನ ಬೇಕು. ಅಷ್ಟು ಹೊತ್ತು ಮನೆಯ ಫೋನನ್ನು ಹಿಡಿದಿಡಲು ಯಾವ ಅಪ್ಪ ಒಪ್ಪಿಯಾನು? ಪತ್ರಿಕೆಯ ಸಿಡಿಯೇ ಗತಿ. ಒಬ್ಬ ಕೊಂಡರೆ ಹತ್ತು ಮಂದಿ ನಕಲು ಮಾಡಿಕೊಳ್ಳುತ್ತಿದ್ದರು, ಲಿನಕ್ಸ್ ಮುಕ್ತ ತಂತ್ರಾಂಶವಾದ್ದರಿಂದ ಅದು ಕಾನೂನಿಗೂ ಸರಿಯಾಗಿತ್ತು. ಕಂಪ್ಯೂಟರ್ ಎಂದರೆ ಲ್ಯಾಮಿಂಗ್ಟನ್ ರೋಡಿನ ಬದಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸಿಗುವ ಕದ್ದ ಸಿಡಿ ಎಂದೇ ತಿಳಿದಿದ್ದವರಿಗೆ ಈ ಸಂಗತಿ ಬೇರೆಯೇ ಒಂದು ಗಾಳಿ ತಂದಿತು.

ಡೊಂಬಿವಲಿಯಲ್ಲಿ ಬೆಳೆದ, ಉಡುಪಿ ಕಡೆಯ ಕುಟುಂಬದ ಹುಡುಗನೊಬ್ಬನಿಗೂ ಹೀಗೆಯೇ ಲಿನಕ್ಸ್ ಸಿಕ್ಕಿತು. ಅವನ ಸೋದರಮಾವನದು ಕುರ್ಲಾದಲ್ಲಿ ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಕನ್ನಡ ಸಂಘಗಳ ಸ್ಮರಣ ಸಂಚಿಕೆ, ಭಜನಾ ಮಂಡಳಿಗಳ ರಸೀದಿ ಪುಸ್ತಕ, ಇವೇ ಅಲ್ಲಿನ ಕೆಲಸ. ಡಿಪ್ಲೊಮಾ ಓದುತ್ತಿದ್ದ ಹುಡುಗ ಸಂಜೆ ಅಲ್ಲಿ ಪ್ರೂಫ್ ತಿದ್ದುತ್ತಿದ್ದ, ಪ್ರಿಂಟರ್ ಕೆಟ್ಟರೆ ಬಿಚ್ಚುತ್ತಿದ್ದ, ಉಳಿದ ಹೊತ್ತಿನಲ್ಲಿ ಹಳೆಯ ಒಂದು ಯಂತ್ರದಲ್ಲಿ ಲಿನಕ್ಸ್ ಹಾಕಿ ನೋಡುತ್ತಿದ್ದ.

ಹಾಕುವುದು ಕಷ್ಟವಿರಲಿಲ್ಲ. ಹಾಕಿದ ಮೇಲೆ ಅದಕ್ಕೆ ಏನಾದರೂ ಸೇರಿಸುವುದು ಕಷ್ಟವಿತ್ತು.

2002ರಲ್ಲಿ ಬಂದ ರೆಡ್ ಹ್ಯಾಟ್ ಲಿನಕ್ಸ್ 8.0 ಕಣ್ಣಿಗೆ ಚೆಂದವಿತ್ತು, ಆದರೆ ಅದರಲ್ಲಿ ಎಂಪಿ3 ಹಾಡು ಕೇಳುವ ಹಾಗಿರಲಿಲ್ಲ. ಎಂಪಿ3ಗೆ ಪೇಟೆಂಟ್ ಇದ್ದುದರಿಂದ ಅದನ್ನು ಓದುವ ಭಾಗವನ್ನು ತೆಗೆದೇ ಸಿಡಿ ಹೊರಡಿಸಿದ್ದರು. ಎಕ್ಸ್‌ಎಂಎಂಎಸ್ ಎಂಬ ಪ್ಲೇಯರ್ ತೆರೆದುಕೊಳ್ಳುತ್ತಿತ್ತು, ಹಾಡು ಮಾತ್ರ ಇಲ್ಲ. ಬಿಟ್ಟುಹೋದ ಭಾಗವನ್ನು ಯಾರೋ ಹೊರಗಿನವರು ಆರ್‌ಪಿಎಂ ಫೈಲಾಗಿ ಕೊಡುತ್ತಿದ್ದರು. ಆರ್‌ಪಿಎಂ ಎಂಬುದು ರೆಡ್ ಹ್ಯಾಟ್ 1995ರಲ್ಲಿ ಬಳಕೆಗೆ ತಂದ ಪ್ಯಾಕೇಜ್ ವ್ಯವಸ್ಥೆ. ಒಂದು ಪ್ಯಾಕೇಜಿಗೆ ಇನ್ನೊಂದು ಬೇಕಿದ್ದರೆ ಅದು ‘ಫೇಲ್ಡ್ ಡಿಪೆಂಡೆನ್ಸೀಸ್’ ಎಂದು ಹೇಳಿ ನಿಂತುಬಿಡುತ್ತಿತ್ತು. ಸುಳ್ಳು ಹೇಳುತ್ತಿರಲಿಲ್ಲ, ಅರ್ಧಂಬರ್ಧ ಹಾಕಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಆದರೆ ಆ ಇನ್ನೊಂದನ್ನು ಹುಡುಕಿ ತರುವ ಕೆಲಸ ಬಳಸುವವನದೇ. ತಂದರೆ ಅದಕ್ಕೆ ಮತ್ತೊಂದು ಬೇಕು. ಸೈಬರ್ ಕೆಫೆಯಲ್ಲಿ ಗಂಟೆಗೆ ದುಡ್ಡು ಕೊಟ್ಟು, ಫ್ಲಾಪಿಯಲ್ಲಿ ತುಂಬಿಕೊಂಡು ಬಂದು, ಮೂರನೆಯದೊಂದು ಬೇಕು ಎಂಬ ಸಾಲನ್ನು ಪರದೆಯ ಮೇಲೆ ಓದಿದವರಿಗೆ ಆ ಕಾಲದ ಕಷ್ಟ ಗೊತ್ತು.

ಡೆಬಿಯನ್ ಎಂಬ ಹೆಸರನ್ನು ಅವನು ಕೇಳಿದ್ದು ಮಾಟುಂಗಾದ ವಿಜೆಟಿಐ ಕಾಲೇಜಿನಲ್ಲಿ ಸೇರುತ್ತಿದ್ದ ಲಿನಕ್ಸ್ ಬಳಗದಲ್ಲಿ. ಅಲ್ಲಿಗೆ ಯಾರು ಬೇಕಾದರೂ ಹೋಗಬಹುದಿತ್ತು. ಬ್ಯಾಂಕಿನವರು, ಕಾಲೇಜು ಹುಡುಗರು, ಅಣುಶಕ್ತಿನಗರದಿಂದ ಬಂದವರು ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಡೆಬಿಯನ್ 1993ರ ಆಗಸ್ಟಿನಲ್ಲಿ ಅಮೆರಿಕದ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಶುರುಮಾಡಿದ ಲಿನಕ್ಸ್ ಯೋಜನೆ. ಮರುವರ್ಷವೇ ಅದಕ್ಕೆ ಡಿಪಿಕೆಜಿ ಎಂಬ ಪ್ಯಾಕೇಜ್ ಸಾಧನ ಬಂತು, ಇಯಾನ್ ಜ್ಯಾಕ್ಸನ್ ಅದನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದು ಗಟ್ಟಿಮಾಡಿದರು. 1999ರ ಮಾರ್ಚಿನ ಆವೃತ್ತಿಯಿಂದ ಅದರ ಮೇಲೆ ಆಪ್ಟ್ ಬಂದು ಕೂತಿತು. ಡಿಪಿಕೆಜಿಗೆ ಗೊತ್ತಿದ್ದುದು ಕೈಯಲ್ಲಿರುವ ಪ್ಯಾಕೇಜನ್ನು ಹಾಕುವುದು, ತೆಗೆಯುವುದು. ಆಪ್ಟ್‌ಗೆ ಗೊತ್ತಿದ್ದುದು ಯಾವುದಕ್ಕೆ ಯಾವುದು ಬೇಕು, ಅದು ಎಲ್ಲಿದೆ, ಯಾವ ಕ್ರಮದಲ್ಲಿ ತರಬೇಕು ಎಂಬುದು. ಆ ಸಭೆಯಲ್ಲಿ ಒಬ್ಬರು ‘ಆಪ್ಟ್-ಗೆಟ್ ಇನ್‌ಸ್ಟಾಲ್’ ಎಂದು ಬರೆದು ಮುಂದೆ ಪ್ಲೇಯರಿನ ಹೆಸರು ಹಾಕಿ ಎಂಟರ್ ಒತ್ತಿದರು. ಅದಕ್ಕೆ ಬೇಕಾದ ಎಲ್ಲದರ ಪಟ್ಟಿ ಪರದೆಯಲ್ಲಿ ಬಂತು, ಎಷ್ಟು ಜಾಗ ಹಿಡಿಯುತ್ತದೆ ಎಂಬ ಲೆಕ್ಕ ಬಂತು, ಹೌದೋ ಅಲ್ಲವೋ ಎಂಬ ಪ್ರಶ್ನೆ ಬಂತು. ಫ್ಲಾಪಿ ಹೊತ್ತು ಅಲೆದವನಿಗೆ ಅದು ಎಂಥ ಸಮಾಧಾನ ಎಂದು ಬಿಡಿಸಿ ಹೇಳಬೇಕಾಗಿಲ್ಲ.

2002ರ ಜುಲೈಯಲ್ಲಿ ಬಂದ ಡೆಬಿಯನ್ 3.0 ಏಳು ಸಿಡಿಗಳಲ್ಲಿ ಹರಡಿಕೊಂಡಿತ್ತು. ಏಳನ್ನೂ ಒಂದೊಂದಾಗಿ ಆಪ್ಟ್‌ಗೆ ತೋರಿಸಿದರೆ ಅದು ಎಲ್ಲವನ್ನೂ ಗುರುತಿಟ್ಟುಕೊಳ್ಳುತ್ತಿತ್ತು. ಆಮೇಲೆ ಏನು ಕೇಳಿದರೂ, ಇಂಥ ಸಿಡಿ ಹಾಕು ಎಂದು ತಾನೇ ಹೇಳುತ್ತಿತ್ತು. ಇಂಟರ್‌ನೆಟ್ ಇಲ್ಲದ ಊರಿಗೆಂದೇ ಯೋಚಿಸಿ ಮಾಡಿದ ಹಾಗಿತ್ತು. ಮುಂಬಯಿಯ ಉಪನಗರಗಳೂ ಆಗ ಒಂದು ರೀತಿಯಲ್ಲಿ ಇಂಟರ್‌ನೆಟ್ ಇಲ್ಲದ ಊರುಗಳೇ.

2005ರ ಜುಲೈ 26ರ ಮಳೆ ಮುಂಬಯಿಯವರ್ಯಾರೂ ಮರೆಯದ ಮಳೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು. ಮೀಠಿ ನದಿ ದಡ ಬಿಟ್ಟು ಕಲೀನಾ, ಕುರ್ಲಾಗಳ ಒಳಕ್ಕೆ ನುಗ್ಗಿತು. ಮಾವನ ಅಂಗಡಿಯಲ್ಲಿ ನೀರು ಮೇಜಿನ ಮಟ್ಟ ದಾಟಿತು. ಲೋಕಲ್ ರೈಲು ಮತ್ತೆ ಓಡತೊಡಗಿದ ಮೇಲೆ ಹುಡುಗ ಬಂದು ನೋಡಿದರೆ ಕೆಸರಿನ ಒಂದು ಗೆರೆ ಗೋಡೆಯ ಸುತ್ತಲೂ ಎಳೆದಂತಿತ್ತು. ಯಂತ್ರಗಳು ಹೋಗಿದ್ದವು. ಜೊತೆಗೆ ಹೋದದ್ದು ಕನ್ನಡ ಲಿಪಿ ತಂತ್ರಾಂಶದ ಹಾರ್ಡ್‌ವೇರ್ ಲಾಕ್. ಪ್ರಿಂಟರಿನ ಪೋರ್ಟಿಗೆ ಚುಚ್ಚಿಡುವ ಬೆರಳುದ್ದದ ಆ ಡಬ್ಬಿ ಇಲ್ಲದೆ ತಂತ್ರಾಂಶ ಏಳುತ್ತಿರಲಿಲ್ಲ. ಸಿಡಿ ಮೇಲಿನ ಕಪಾಟಿನಲ್ಲಿ ಒಣಗಿಯೇ ಇತ್ತು. ದುಡ್ಡು ಕೊಟ್ಟು ಕೊಂಡ ತಂತ್ರಾಂಶ ಕೈಯಲ್ಲಿತ್ತು, ಅದನ್ನು ಓಡಿಸುವ ಅನುಮತಿ ನೀರುಪಾಲಾಗಿತ್ತು. ಹೊಸ ಲಾಕಿಗೆ ಕಾಯಬೇಕು, ಮತ್ತೆ ಹಣ ಕಟ್ಟಬೇಕು. ಹೊರಗೆ ಗೌರಿ-ಗಣೇಶ ಹಬ್ಬದ ಕರಪತ್ರಗಳ ಕೆಲಸ ಬಾಗಿಲಿಗೆ ಬಂದಿತ್ತು.

“ನಿನ್ನ ಆ ಲಿನಕ್ಸ್‌ಗೆ ಕನ್ನಡ ಬರ್ತದಾ ಮಾರಾಯ?” ಎಂದು ಮಾವ ಕೇಳಿದ್ದು ಆಗ.

ಬರುತ್ತದೆ, ಆದರೆ ಎಲ್ಲದಕ್ಕೂ ಅಲ್ಲ. ಇದೇ ನಿಜವಾದ ಉತ್ತರ, ಹುಡುಗ ಅದನ್ನೇ ಹೇಳಿದ. ಲ್ಯಾಮಿಂಗ್ಟನ್ ರೋಡಿನಿಂದ ತಂದ ಭಾಗಗಳಲ್ಲಿ ಒಂದು ಯಂತ್ರ ಕಟ್ಟಿ, ಆ ವರ್ಷದ ಜೂನಿನಲ್ಲಷ್ಟೇ ಬಿಡುಗಡೆಯಾಗಿದ್ದ ಡೆಬಿಯನ್ 3.1 ಹಾಕಿದ. ಅದರಲ್ಲಿ 15 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಮದುವೆ ಕಾಗದಕ್ಕೂ ಸ್ಮರಣ ಸಂಚಿಕೆಗೂ ಮಾವ ಮುಂದೆ ಹೊಸ ಲಾಕ್ ತರಿಸಲೇಬೇಕಾಯಿತು. ರಸೀದಿ, ಪತ್ರ, ಸದಸ್ಯರ ಪಟ್ಟಿ, ವಿಳಾಸದ ಚೀಟಿ ಇವೆಲ್ಲ ನಿಧಾನಕ್ಕೆ ಲಿನಕ್ಸ್ ಯಂತ್ರಕ್ಕೆ ಬಂದವು.

ಪುಟ ಕಟ್ಟಲು ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶವಿತ್ತು. ಹುಡುಗ ಅದನ್ನು ಹಾಕಿ ‘ಕರ್ನಾಟಕ’ ಎಂದು ಬರೆದ. ಅರ್ಕಾವೊತ್ತು ತನ್ನ ಜಾಗಕ್ಕೆ ಬರಲಿಲ್ಲ, ಒತ್ತಕ್ಷರಗಳು ಬಿಡಿಬಿಡಿಯಾಗಿ ಹಲಂತ ಹೊತ್ತು ನಿಂತವು. ಭಾರತೀಯ ಲಿಪಿಗಳನ್ನು ಕೂಡಿಸಿ ತೋರಿಸುವ ಶಕ್ತಿ ಸ್ಕ್ರೈಬಸ್‌ಗೆ ಬಂದದ್ದು ಬಹಳ ತಡವಾಗಿ, 1.5.3 ಆವೃತ್ತಿಯಲ್ಲಿ, 2017ರ ಹೊತ್ತಿಗೆ. ಅವತ್ತು ಅದನ್ನು ತೆಗೆಯಬೇಕಾಯಿತು. ತೆಗೆಯುವುದನ್ನು ಪಕ್ಕದಲ್ಲಿ ಕೂತು ನೋಡುತ್ತಿದ್ದ ಮಾವನಿಗೆ ಹಳೆಯ ಅನುಭವವಿತ್ತು: ಅಂಗಡಿಯ ಮೊದಲಿನ ಯಂತ್ರದಲ್ಲಿ ಏನನ್ನು ತೆಗೆದರೂ ಅದರ ತುಣುಕುಗಳು ಎಲ್ಲೋ ಉಳಿದು, ವರ್ಷ ಕಳೆದಂತೆ ಯಂತ್ರ ಏದುಸಿರು ಬಿಡುತ್ತಿತ್ತು.

“ತೆಗೆದ್ರೆ ಪೂರ್ತಿ ಹೋಗ್ತದಾ ಇದು?”

“ಎಂತೆಂತ ಹಾಕಿದ್ದು ಅಂತ ಅದ್ರಲ್ಲೇ ಬರ್ದಿಟ್ಟಿರ್ತದೆ ಮಾವ. ಅಷ್ಟನ್ನೂ ತೆಗೀತದೆ.”

ಲಿನಕ್ಸಿನ ಪ್ಯಾಕೇಜ್ ವ್ಯವಸ್ಥೆಯ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಹೊಗಳುವವರು ಹಾಕುವ ಸುಲಭವನ್ನು ಹೊಗಳುತ್ತಾರೆ, ತೆಗೆಯುವ ಅಚ್ಚುಕಟ್ಟನ್ನು ಯಾರೂ ಗಮನಿಸುವುದಿಲ್ಲ. ಡೆಬಿಯನ್ನಿನ ಪ್ಯಾಕೇಜಾದ ಡೆಬ್ ಫೈಲೆಂದರೆ ಒಂದು ಕಟ್ಟು. ಅದರೊಳಗೆ ಎರಡು ಗಂಟುಗಳಿರುತ್ತವೆ. ಒಂದರಲ್ಲಿ ಯಂತ್ರಕ್ಕೆ ಹೋಗಬೇಕಾದ ಫೈಲುಗಳು, ಯಾವುದು ಯಾವ ಜಾಗಕ್ಕೆ ಎಂಬುದರ ಸಮೇತ. ಇನ್ನೊಂದರಲ್ಲಿ ಆ ಪ್ಯಾಕೇಜಿನ ಹೆಸರು, ಆವೃತ್ತಿ, ನೋಡಿಕೊಳ್ಳುವವರ ಹೆಸರು, ಅದಕ್ಕೆ ಬೇಕಾದ ಬೇರೆ ಪ್ಯಾಕೇಜುಗಳು, ಹಾಕುವ ಮೊದಲು, ಹಾಕಿದ ಮೇಲೆ, ತೆಗೆಯುವ ಮೊದಲು, ತೆಗೆದ ಮೇಲೆ ಏನೇನು ಮಾಡಬೇಕು ಎಂಬ ಪುಟ್ಟ ಸ್ಕ್ರಿಪ್ಟುಗಳು. ಹಾಕಿದ ಪ್ರತಿ ಫೈಲಿನ ವಿಳಾಸವನ್ನೂ ಡಿಪಿಕೆಜಿ ಒಂದು ಸಾದಾ ಪಠ್ಯದ ಪಟ್ಟಿಯಲ್ಲಿ ಬರೆದಿಡುತ್ತದೆ. ಯಾರು ಬೇಕಾದರೂ ತೆರೆದು ಓದಬಹುದು. ಈ ಫೈಲು ಎಲ್ಲಿಂದ ಬಂತು ಎಂದು ಕೇಳಿದರೆ ಯಾವ ಪ್ಯಾಕೇಜಿನಿಂದ ಎಂದು ಹೇಳುತ್ತದೆ. ಎರಡು ಪ್ಯಾಕೇಜುಗಳು ಒಂದೇ ಫೈಲನ್ನು ತಮ್ಮದೆಂದರೆ ಹಾಕುವ ಹೊತ್ತಿಗೇ ತಡೆಯುತ್ತದೆ.

ತೆಗೆಯುವುದರಲ್ಲೂ ಎರಡು ಬಗೆ. ‘ರಿಮೂವ್’ ಎಂದರೆ ತಂತ್ರಾಂಶ ಹೋಗುತ್ತದೆ, ಅದರ ಸೆಟ್ಟಿಂಗ್ ಫೈಲುಗಳು ಉಳಿಯುತ್ತವೆ. ಬಳಸುವವನು ಕೂತು ತಿದ್ದಿದ್ದನ್ನು ಕೇಳದೆ ಅಳಿಸುವುದು ಸರಿಯಲ್ಲ ಎಂಬ ಮರ್ಯಾದೆ ಅದು. ‘ಪರ್ಜ್’ ಎಂದರೆ ಅವೂ ಹೋಗುತ್ತವೆ. ರಿಮೂವ್ ಮಾಡಿದ್ದರ ಹೆಸರು ಪಟ್ಟಿಯಲ್ಲಿ ‘ಆರ್‌ಸಿ’ ಎಂಬ ಎರಡಕ್ಷರದ ಗುರುತಿನೊಂದಿಗೆ ಉಳಿದಿದ್ದನ್ನು ತೋರಿಸಿದಾಗ ಮಾವ ಕೂಡಲೇ ಹಿಡಿದುಕೊಂಡರು: “ಖೋಲಿ ಬಿಟ್ಟು ಹೋದವ ಗೋಡೆಯ ಮೊಳೆ ಬಿಟ್ಟು ಹೋದ ಹಾಗೆ, ಅಲ್ವಾ?” ಅಷ್ಟೇ. ವಾಪಸು ಬಂದರೆ ಅದೇ ಮೊಳೆಗೆ ಅಂಗಿ ತೂಗುಹಾಕಬಹುದು. ಪರ್ಜ್ ಮಾಡಿದರೂ ಡಿಪಿಕೆಜಿ ಬಳಸುವವರ ಹೋಮ್ ಡೈರೆಕ್ಟರಿಗೆ ಕೈ ಹಾಕುವುದಿಲ್ಲ. ಬರೆದ ಪತ್ರ, ಮಾಡಿದ ಪಟ್ಟಿ ಹಾಗೆಯೇ ಇರುತ್ತವೆ.

ಒಂದು ಪ್ಯಾಕೇಜಿನ ಹಿಂದೆ ಬಂದ ಹತ್ತು ಲೈಬ್ರರಿಗಳ ಗತಿ ಏನು? ಡೆಬಿಯನ್ 3.1ರಲ್ಲಿ ಆಪ್ಟಿಟ್ಯೂಡ್ ಎಂಬ ಸಾಧನ ಅದನ್ನೂ ನೋಡಿಕೊಳ್ಳುತ್ತಿತ್ತು. ಬಳಸುವವನು ಕೇಳಿ ಹಾಕಿಸಿಕೊಂಡದ್ದು ಯಾವುದು, ತಾನಾಗಿ ಬಂದದ್ದು ಯಾವುದು ಎಂದು ಬೇರೆ ಬೇರೆ ಗುರುತಿಡುತ್ತಿತ್ತು. ಕೇಳಿದ್ದು ಹೋದ ಮೇಲೆ, ಬೇರೆ ಯಾರಿಗೂ ಬೇಡವಾದರೆ, ಅದರ ಜೊತೆ ಬಂದವನ್ನೂ ಕಳಿಸುತ್ತಿತ್ತು. ಆಪ್ಟ್-ಗೆಟ್‌ಗೆ ‘ಆಟೋರಿಮೂವ್’ ಎಂಬ ಆಜ್ಞೆಯಾಗಿ ಈ ಬುದ್ಧಿ ಬಂದದ್ದು ಸ್ವಲ್ಪ ನಂತರ. ಸ್ಕ್ರೈಬಸ್ ಹೋದಾಗ ಅದರ ಹಿಂದೆ ಬಂದ ಲೈಬ್ರರಿಗಳಲ್ಲಿ ಕೆಲವು ಹೋದವು, ಕೆಲವು ಉಳಿದವು. ಉಳಿದವಕ್ಕೆ ಬೇರೆ ಕೆಲಸವಿತ್ತು.

ಹೊಸ ಪ್ಯಾಕೇಜು ತರುವ ದಾರಿಯೂ ಆ ಹೊತ್ತಿಗೆ ಸುಧಾರಿಸಿತ್ತು. ಎಂಟಿಎನ್‌ಎಲ್ ಬ್ರಾಡ್‌ಬ್ಯಾಂಡ್ ಬರತೊಡಗಿತ್ತು, ಆದರೆ ತಿಂಗಳಿಗೆ ಇಂತಿಷ್ಟೇ ಎಂಬ ಮಿತಿ ಇತ್ತು. ಅಂಗಡಿಯಲ್ಲಿ ಅದೂ ಇರಲಿಲ್ಲ. ಬೇಕಾದ ಪ್ಯಾಕೇಜನ್ನು ಹಾಕು ಎನ್ನುವ ಬದಲು, ಏನೇನು ಬೇಕಾಗುತ್ತದೋ ಅವುಗಳ ವಿಳಾಸ ಮಾತ್ರ ಬರೆದುಕೊಡು ಎಂದು ಆಪ್ಟ್‌ಗೆ ಹೇಳಬಹುದು. ಆ ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ಮಲಾಡಿನ ಕಾಲ್ ಸೆಂಟರಿನಲ್ಲಿ ರಾತ್ರಿಪಾಳಿ ಮುಗಿಸಿ ಬರುವ ಗೆಳೆಯನಿಗೆ ದಾದರ್ ಸ್ಟೇಷನ್ನಿನಲ್ಲಿ ಕೊಟ್ಟರೆ, ಎರಡು ದಿನದಲ್ಲಿ ಡೆಬ್ ಫೈಲುಗಳು ಬರುತ್ತಿದ್ದವು. ಅವನ್ನು ಆಪ್ಟ್‌ನ ಸಂಗ್ರಹದ ಡೈರೆಕ್ಟರಿಯಲ್ಲಿ ಸುರಿದು ಅದೇ ಆಜ್ಞೆ ಕೊಟ್ಟರೆ, ಎಲ್ಲ ಇಲ್ಲೇ ಇದೆಯಲ್ಲ ಎಂದು ಆಪ್ಟ್ ನೇರ ಕೆಲಸಕ್ಕೆ ಇಳಿಯುತ್ತಿತ್ತು. ಉಬುಂಟು ಎಂಬ ಇನ್ನೊಂದು ಲಿನಕ್ಸಿನ ಸಿಡಿಗಳಂತೂ ಆ ದಿನಗಳಲ್ಲಿ ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಬರುತ್ತಿದ್ದವು. ಶಿಪ್‌ಇಟ್ ಎಂಬ ಆ ಏರ್ಪಾಡು 2011ರ ತನಕ ನಡೆಯಿತು. ಚಾಳಿನ ಅಂಚೆಯವನಿಗೆ ವಿದೇಶದಿಂದ ಬರುವ ಆ ಲಕೋಟೆಗಳ ಗುರುತು ಹತ್ತಿಹೋಗಿತ್ತು.

ಕನ್ನಡ ಬಂದದ್ದೂ ಇದೇ ದಾರಿಯಲ್ಲಿ. ಡೆಬಿಯನ್ನಿನ ಕನ್ನಡ ಫಾಂಟ್ ಪ್ಯಾಕೇಜಿನಲ್ಲಿ ಕೇದಗೆ, ಮಲ್ಲಿಗೆ ಎಂಬ ಅಕ್ಷರರೂಪಗಳಿದ್ದವು. ಒಂದು ಸಾಲಿನ ಆಜ್ಞೆ, ಕೆಲವೇ ಕ್ಷಣ, ಪರದೆಯ ಮೇಲೆ ಕನ್ನಡ. ಕೀಲಿಮಣೆಯದು ಮಾತ್ರ ತುಸು ತಡವಾಯಿತು. ಮೊದಲು ಸಿಕ್ಕಿದ್ದು ಇನ್‌ಸ್ಕ್ರಿಪ್ಟ್ ವಿನ್ಯಾಸ, ಮಾವನ ಬೆರಳಿಗೆ ಕೂತಿದ್ದು ಕೆ. ಪಿ. ರಾವ್ ಅವರ ವಿನ್ಯಾಸ. ಕಿನ್ನಿಕಂಬಳದ ಈ ರಾವ್ ಅವರು ಮುಂಬಯಿಯಲ್ಲೇ ದುಡಿದವರು, ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚಿನಲ್ಲಿ, ಟಾಟಾ ಪ್ರೆಸ್ಸಿನಲ್ಲಿ. ಮುಂದೆ ‘ಸೇಡಿಯಾಪು’ ತಂತ್ರಾಂಶವನ್ನು ಮಾಡಿ ಕನ್ನಡಿಗರಿಗೆ ಬಿಟ್ಟುಕೊಟ್ಟರು. ಇಂಗ್ಲಿಷ್ ಕೀಲಿಮಣೆಯಲ್ಲೇ ಉಚ್ಚಾರದ ಜಾಡು ಹಿಡಿದು ಕನ್ನಡ ಬರೆಯುವ ಅವರ ಜೋಡಣೆ ‘ನುಡಿ’ ತಂತ್ರಾಂಶದ ಬೆನ್ನೆಲುಬಾಯಿತು, ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸಿಗೂ ಬಂತು. 2007ರ ಏಪ್ರಿಲಿನಲ್ಲಿ ಡೆಬಿಯನ್ 4.0 ಬಂದ ಮೇಲಿನ ವರ್ಷಗಳಲ್ಲಿ ಈ ಎಲ್ಲ ತುಂಡುಗಳು ಒಂದೊಂದಾಗಿ ಪ್ಯಾಕೇಜುಗಳಾಗಿ ಸೇರಿಕೊಂಡವು: ಅಕ್ಷರಗಳು, ಕೀಲಿಮಣೆ, ಓಪನ್‌ಆಫೀಸ್. ಈಗ ಫಾಂಟ್ಸ್-ಕೆಎನ್‌ಡಿಎ ಎಂಬ ಒಂದು ಹೆಸರನ್ನು ಹೇಳಿದರೆ ಲೋಹಿತ್, ನವಿಲು, ಗುಬ್ಬಿ ಮೂರೂ ಅಕ್ಷರರೂಪಗಳು ಬರುತ್ತವೆ.

ಪರವೂರಿನಲ್ಲಿ ಕನ್ನಡದಿಂದ ಹೊಟ್ಟೆ ಹೊರೆಯುವ ಅಂಗಡಿಗೆ ಇದು ಸಣ್ಣ ಮಾತಲ್ಲ. ಮುಂಬಯಿಯಲ್ಲಿ ಕನ್ನಡದ ಯಾವ ಸಾಧನ ಬೇಕಾದರೂ ಯಾರನ್ನೋ ಕೇಳಬೇಕಿತ್ತು, ಯಾರದೋ ಲಾಕಿಗೆ ಕಾಯಬೇಕಿತ್ತು. ಡೆಬಿಯನ್ನಿನಲ್ಲಿ ಜರ್ಮನ್, ತಮಿಳು, ಜಪಾನಿ ಭಾಷೆಗಳು ಹೇಗೋ ಹಾಗೆಯೇ ಕನ್ನಡವೂ ಪ್ಯಾಕೇಜ್ ಭಂಡಾರದ ಒಂದು ಹೆಸರು. ಕೇಳಿದರೆ ಬರುತ್ತದೆ. ಕೇದಗೆ ಅಂಗಡಿಗೆ ಬಂದದ್ದು ಪ್ರಿಂಟರಿನ ಡ್ರೈವರ್ ಬಂದ ದಾರಿಯಲ್ಲೇ, ಅದೇ ಪಟ್ಟಿಯಲ್ಲಿ, ಅದೇ ಆಜ್ಞೆಗೆ. ಈ ಸಮಾನತೆ ಯಾರೂ ಭಾಷಣ ಮಾಡಿ ಕೊಟ್ಟದ್ದಲ್ಲ. ಯಾರೋ ಕೆಲವರು ರಾತ್ರಿ ಕೂತು ಅಕ್ಷರ ತಿದ್ದಿ, ಪ್ಯಾಕೇಜು ಕಟ್ಟಿ, ದೋಷ ಬಂದಾಗ ಮತ್ತೆ ಕಟ್ಟಿ ಉಳಿಸಿಕೊಂಡದ್ದು.

ಕಲಿಸುವ ಕೆಲಸವನ್ನೂ ಈ ನಗರ ಮಾಡಿದೆ. ಪವಾಯಿಯ ಐಐಟಿಯಲ್ಲಿ ಪ್ರೊ. ಕಣ್ಣನ್ ಮೌದ್ಗಲ್ಯ ಅವರು ಮುನ್ನಡೆಸಿದ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶಗಳನ್ನು ಹತ್ತು ನಿಮಿಷದ ಆಸುಪಾಸಿನ ವೀಡಿಯೊ ಪಾಠಗಳಾಗಿ ಮಾಡಿತು, ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಧ್ವನಿ ಕೊಟ್ಟಿತು. ಅದರ ಲಿನಕ್ಸ್ ಸರಣಿಯಲ್ಲಿ ಸಿನಾಪ್ಟಿಕ್ ಎಂಬ ಪ್ಯಾಕೇಜ್ ಸಾಧನದ ಬಗ್ಗೆಯೇ ಒಂದು ಪಾಠವಿದೆ. ಕರಿ ಪರದೆಯಲ್ಲಿ ಆಜ್ಞೆ ಬರೆಯಲು ಹೆದರುವವರಿಗೆ ಸಿನಾಪ್ಟಿಕ್ ಬಹಳ ಒಳ್ಳೆಯ ಸಾಧನ. ಹೆಸರಿನ ಮುಂದಿನ ಚೌಕದಲ್ಲಿ ಗುರುತು ಹಾಕು, ಅಪ್ಲೈ ಒತ್ತು. ಮಾನಖುರ್ದಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ಜಿ. ನಾಗಾರ್ಜುನ ಅವರಂಥವರು ಮುಕ್ತ ತಂತ್ರಾಂಶದ ಮಾತನ್ನು ಶಾಲೆಗಳ ತನಕ ಒಯ್ದರು.

ತೆಗೆಯುವುದರಲ್ಲಿ ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಯಂತ್ರ ನಿಂತಿರುವುದೇ ಕೆಲವು ಪ್ಯಾಕೇಜುಗಳ ಮೇಲೆ. ಅವನ್ನು ತೆಗೆಯಲು ಹೊರಟರೆ ಆಪ್ಟ್ ಸುಮ್ಮನೆ ಹೌದು-ಅಲ್ಲ ಎಂದು ಕೇಳುತ್ತಿರಲಿಲ್ಲ; ‘ಯೆಸ್, ಡು ಆ್ಯಸ್ ಐ ಸೇ!’ ಎಂಬ ಇಡೀ ವಾಕ್ಯವನ್ನು ಬಳಸುವವನಿಂದಲೇ ಬರೆಸಿಕೊಳ್ಳುತ್ತಿತ್ತು. 2021ರಲ್ಲಿ ಕೆನಡಾದ ಹೆಸರಾಂತ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಅವರು ಪಾಪ್ ಓಎಸ್ ಎಂಬ ಲಿನಕ್ಸಿನಲ್ಲಿ ಸ್ಟೀಮ್ ಎಂಬ ಆಟದ ತಂತ್ರಾಂಶ ಹಾಕಲು ಹೋದಾಗ, ಪ್ಯಾಕೇಜುಗಳ ನಡುವಿನ ಒಂದು ತಾಳಮೇಳ ತಪ್ಪಿ, ಡೆಸ್ಕ್‌ಟಾಪನ್ನೇ ತೆಗೆಯಬೇಕಾಗುತ್ತದೆ ಎಂದು ಆಪ್ಟ್ ಎಚ್ಚರಿಸಿತು. ಅವರು ವಾಕ್ಯ ಬರೆದರು, ಡೆಸ್ಕ್‌ಟಾಪ್ ಹೋಯಿತು. ಆ ವೀಡಿಯೊವನ್ನು ಲಕ್ಷಾಂತರ ಮಂದಿ ನೋಡಿದರು. ಆಪ್ಟ್ ಬರೆಯುವವರು ಅದನ್ನು ಮನಸ್ಸಿಗೆ ತಂದುಕೊಂಡು ಆ ವಾಕ್ಯದ ದಾರಿಯನ್ನೇ ಮುಚ್ಚಿದರು. ಹೊಸಬ ಎಚ್ಚರಿಕೆ ಓದಲಿಲ್ಲ ಎಂದು ಬೈದು ಕೂರದೆ ಸಾಧನವನ್ನೇ ತಿದ್ದಿದ್ದು ದೊಡ್ಡ ಮನಸ್ಸು.

ಇತ್ತೀಚೆಗೆ ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್ ಎಂಬ ಹೊಸ ಬಗೆಗಳು ಬಂದಿವೆ. ತನಗೆ ಬೇಕಾದ ಬಹುಪಾಲನ್ನು ಪ್ರತಿ ತಂತ್ರಾಂಶವೂ ತಾನೇ ಹೊತ್ತು ತರುತ್ತದೆ, ತೆಗೆದರೆ ಹೊತ್ತುಕೊಂಡೇ ಹೋಗುತ್ತದೆ. ಒಂದಕ್ಕೊಂದು ತಗುಲುವುದಿಲ್ಲ, ಜಗಳವಿಲ್ಲ. ಅನುಕೂಲ ನಿಜ. ಆದರೆ ಹಂಚಿಕೊಂಡು ಬಾಳುವುದರಲ್ಲಿ ಒಂದು ಬಲವಿತ್ತು. 2002ರ ಮಾರ್ಚಿನಲ್ಲಿ ಜೆಡ್‌ಲಿಬ್ (zlib) ಎಂಬ ಲೈಬ್ರರಿಯಲ್ಲಿ ಭದ್ರತೆಯ ದೋಷ ಸಿಕ್ಕಿತು. ಅದನ್ನು ಹಂಚಿಕೊಂಡು ಬಳಸುತ್ತಿದ್ದ ನೂರಾರು ತಂತ್ರಾಂಶಗಳು ಒಂದೇ ಪ್ಯಾಕೇಜಿನ ಹೊಸ ಆವೃತ್ತಿಯಿಂದ ಸರಿಹೋದವು. ತಮ್ಮೊಳಗೇ ಅದರ ನಕಲು ಇಟ್ಟುಕೊಂಡಿದ್ದವನ್ನು ಮಾತ್ರ ಒಂದೊಂದಾಗಿ ಹುಡುಕಿ ಮತ್ತೆ ಕಟ್ಟಬೇಕಾಯಿತು. 2023ರ ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಇಷ್ಟು ದೊಡ್ಡ ಸಂಸಾರ ಒಂದೇ ಲೆಕ್ಕದ ಪುಸ್ತಕದಲ್ಲಿ ನಡೆಯುತ್ತಿರುವುದು ಈ ಕಾಲದ ದೊಡ್ಡ ಕೆಲಸಗಳಲ್ಲಿ ಒಂದು. ಅದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ಮಾವ ಅಂಗಡಿ ಬಿಟ್ಟು ಊರಿಗೆ ಹೊರಟ ವರ್ಷ, ಅಲ್ಲಿ ದೇವಸ್ಥಾನದ ರಸೀದಿ, ಶಾಲೆಯ ಪತ್ರಗಳನ್ನು ಮಾಡಿಕೊಂಡಿರುತ್ತೇನೆ ಎಂದರು. ಕಂಪ್ಯೂಟರನ್ನು ಬಸ್ಸಿನಲ್ಲಿ ಸಾಗಿಸುವುದು ಬೇಡ, ಊರಲ್ಲೇ ಒಂದು ಕೊಳ್ಳೋಣ ಎಂದು ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ನೌಕರಿಗೆ ಸೇರಿ ಐರೋಲಿಯಲ್ಲಿದ್ದ ಹುಡುಗ, ಕುರ್ಲಾದ ಯಂತ್ರದಲ್ಲಿ ಏನೇನು ಹಾಕಿದೆ ಎಂಬ ಪಟ್ಟಿಯನ್ನು ಡಿಪಿಕೆಜಿಯಿಂದಲೇ ಬರೆಸಿಕೊಂಡ. ಪ್ಯಾಕೇಜಿನ ಹೆಸರು, ಅದರ ಮುಂದೆ ‘ಇನ್‌ಸ್ಟಾಲ್’ ಅಥವಾ ‘ಡಿಇನ್‌ಸ್ಟಾಲ್’ ಎಂಬ ಒಂದು ಪದ, ಹೀಗೆ ಸಾಲು ಸಾಲು. ಕೆಲವೇ ಕಿಲೋಬೈಟಿನ ಫೈಲು, ಮೇಲ್ ಮಾಡಿದರೆ ಹಳ್ಳಿಯ ನಿಧಾನದ ಸಂಪರ್ಕದಲ್ಲೂ ಇಳಿಯುತ್ತದೆ. ಊರಿನ ಯಂತ್ರಕ್ಕೆ ಆ ಪಟ್ಟಿ ಕೊಟ್ಟು ಹೀಗೇ ಆಗು ಎಂದರೆ ಆಪ್ಟ್ ಒಂದೊಂದನ್ನೇ ತಂದು ಜೋಡಿಸುತ್ತದೆ. ಕಳಿಸುವ ಮೊದಲು ಅವನು ಪಟ್ಟಿಯನ್ನು ಕೂತು ಓದಿದ. ಊರಲ್ಲಿರುವ ಪ್ರಿಂಟರ್ ಬೇರೆ ಕಂಪನಿಯದು, ಹಾಗಾಗಿ ಹಳೆಯ ಡ್ರೈವರಿನ ಸಾಲು ತೆಗೆದು ಹೊಸದರ ಹೆಸರು ಬರೆದ. ಮಾವನಿಗೆ ಬೇಡದ ನಾಲ್ಕಾರು ಆಟಗಳನ್ನು ತೆಗೆದ. ಕನ್ನಡದ ಫಾಂಟು, ಕಗಪ ಕೀಲಿಮಣೆ, ಆಫೀಸ್, ಪತ್ತೆ ಹಚ್ಚಲು ಸುಲಭವಾಗಲಿ ಎಂದು ಸಿನಾಪ್ಟಿಕ್, ಇಷ್ಟನ್ನು ಮತ್ತೊಮ್ಮೆ ನೋಡಿ ಖಚಿತ ಮಾಡಿಕೊಂಡು ಮೇಲ್ ಕಳಿಸಿ, ಪಟ್ಟಿಯನ್ನು ಯಾವ ಎರಡು ಆಜ್ಞೆಗಳಿಂದ ಒಳಗೆ ಹಾಕಬೇಕೆಂದು ಫೋನಿನಲ್ಲಿ ಅಕ್ಷರ ಅಕ್ಷರ ಬಿಡಿಸಿ ಹೇಳಿದ. ಆ ಕಡೆಯಿಂದ ಮಾವ ಬರೆದುಕೊಂಡು ಓದಿ ಹೇಳಿದರು, ನಡುವೆ ಎಲ್ಲಿ ಜಾಗ ಬಿಡಬೇಕು, ಎಲ್ಲಿ ಅಡ್ಡಗೆರೆ ಎಂದು ಕೇಳಿಕೊಂಡರು, ಆಮೇಲೆ ಎಂಟರ್ ಒತ್ತಿದರು.